ಗುರಿ ತಪ್ಪಿದ್ದು ಪಿಸ್ತೂಲಿನಿಂದಲೋ ಕೈಯಿಂದಲೋ?

ಒಂದು ಸಲಕ್ಕೆ ಒಂದೇ ಗುಂಡನ್ನು ಕೈಯಾರೆ ತುಂಬಿ ಹಾರಿಸಬೇಕಾದ ಪಿಸ್ತೂಲು, ಗುರಿ ಕ್ರೀಡೆಯಲ್ಲಿ ಬಳಕೆಯಾಗುವ ಆಯುಧಗಳ ಪೈಕಿ ರಚನೆಯಲ್ಲಿ ಬಹಳ ಸರಳವಾದುದು. ಗುಂಡುಗಳನ್ನು ಸಾಲಾಗಿ ಒದಗಿಸುವ ಮ್ಯಾಗಜೀನ್ ಆಗಲಿ, ಹಾರಿದ ಗುಂಡಿನ ರಭಸದಿಂದಲೇ ಹಿಂದೆ ಸರಿದು ಮುಂದಿನ ಗುಂಡನ್ನು ನಳಿಕೆಗೆ ತಳ್ಳುವ ಸ್ಲೈಡ್ ಆಗಲಿ ಅದರಲ್ಲಿ ಇರುವುದಿಲ್ಲ. ಇಂದು ಈ ಬಗೆಯ ಪಿಸ್ತೂಲಿನ ಎರಡು ರೂಪಗಳು ಮುಖ್ಯವಾಗಿವೆ. ಒತ್ತಡದಲ್ಲಿಟ್ಟ ಗಾಳಿಯ ಬಲದಿಂದ 4.5 ಮಿಲಿಮೀಟರ್ ವ್ಯಾಸದ ಸೀಸದ ಪೆಲೆಟ್ ಹಾರಿಸುವ, 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲು ಒಂದು, 0.22 ಇಂಚಿನ ಸಣ್ಣ ತೋಟಾ ಬಳಸುವ, 50 ಮೀಟರ್ ಸ್ಪರ್ಧೆಯ ಪಿಸ್ತೂಲು ಇನ್ನೊಂದು. ಹಿಡಿ, ತೂಕ ಮತ್ತು ಟ್ರಿಗರ್‌ಗಳ ಮೇಲೆ ನಿಯಮಗಳ ಕಟ್ಟುಪಾಡು ಕಡಿಮೆ ಇರುವುದರಿಂದ ಎರಡನೆಯದಕ್ಕೆ ಫ್ರೀ ಪಿಸ್ತೂಲು ಎಂಬ ಹೆಸರು ಬಂದಿದೆ. ದಕ್ಷಿಣ ಕೊರಿಯಾದ ಜಿನ್ ಜೊಂಗ್-ಓ 2008, 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಚಿನ್ನ ಗೆದ್ದದ್ದು ಈ 50 ಮೀಟರ್ ಸ್ಪರ್ಧೆಯಲ್ಲೇ. ಭಾರತದ ಜಿತು ರಾಯ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಪಡೆದದ್ದೂ ಇದರಲ್ಲೇ. ರಿಯೊ ಒಲಿಂಪಿಕ್ಸ್‌ನ ಬಳಿಕ ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. 10 ಮೀಟರ್ ಸ್ಪರ್ಧೆ ಮುಂದುವರಿದಿದೆ; ಬೆಂಗಳೂರಿನ ಪ್ರಕಾಶ್ ನಂಜಪ್ಪ ಗ್ಲಾಸ್ಗೋದಲ್ಲಿ ಬೆಳ್ಳಿ ಪಡೆದದ್ದು ಅದರಲ್ಲಿ. ನಿಗದಿತ ಶಕ್ತಿಯ ಮಿತಿಯೊಳಗಿನ ಏರ್ ಪಿಸ್ತೂಲಿಗೆ ನಮ್ಮ ದೇಶದಲ್ಲಿ ಶಸ್ತ್ರ ಪರವಾನಗಿಯ ಅಗತ್ಯವಿಲ್ಲದ ಕಾರಣ ಹೊಸಬರೆಲ್ಲ ಹೆಚ್ಚಾಗಿ ಅದರಿಂದಲೇ ಆರಂಭಿಸುತ್ತಾರೆ. ಆದ್ದರಿಂದ ಇಲ್ಲಿನ ಲೆಕ್ಕಗಳೂ ಬಹುಪಾಲು ಏರ್ ಪಿಸ್ತೂಲಿನವೇ.

ಯಂತ್ರ ಸರಳವಾಗಿದ್ದಷ್ಟೂ ಗುರಿ ತಪ್ಪುವುದಕ್ಕೆ ಇರಬಹುದಾದ ಕಾರಣಗಳು ಕಡಿಮೆಯಾಗುತ್ತವೆ, ಕಾರಣಗಳು ಕಡಿಮೆಯಾದಷ್ಟೂ ಅವುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡುವುದು ಸಾಧ್ಯವಾಗುತ್ತದೆ. ಆದರೂ ಶೂಟಿಂಗ್ ರೇಂಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ: ಎರಡು ಗುಂಡುಗಳು ಎಡಕ್ಕೆ ಬಿದ್ದೊಡನೆ ಶೂಟರ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು, ಗುರಿ ಹಿಡಿಯಲು ನೋಡುವ ಸೈಟಿನ ತಿರುಪನ್ನು ತಿರುಗಿಸುತ್ತಾನೆ, ಮುಂದಿನದು ಬಲಕ್ಕೆ ಬಿದ್ದರೆ ಮರಳಿ ತಿರುಗಿಸುತ್ತಾನೆ, ಅದೂ ಸರಿಹೋಗದಿದ್ದರೆ ಪೆಲೆಟ್ ಬದಲಿಸುತ್ತಾನೆ. ಹೀಗೆ ಒಂದರ ಬೆನ್ನಿಗೆ ಒಂದು ಬದಲಾವಣೆಗಳಾದ ಮೇಲೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಮೊದಲು ಬಗೆಹರಿಯಬೇಕಾದದ್ದು ದೋಷದ ಜಾತಿ. ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿದ ಹಲವು ಗುಂಡುಗಳು ಟಾರ್ಗೆಟ್ಟಿನ ಮೇಲೆ ಮೂಡಿಸುವ ರಂಧ್ರಗಳ ಸಮೂಹಕ್ಕೆ ಗುಂಪು ಎನ್ನುತ್ತಾರೆ. ಗುಂಪಿನ ಹರವು ಚಿಕ್ಕದಾಗಿದ್ದು ಅದರ ಕೇಂದ್ರ ಮಾತ್ರ ಟಾರ್ಗೆಟ್ಟಿನ ನಡುವಿನ, ಹತ್ತು ಅಂಕ ತರುವ ಹತ್ತರ ವೃತ್ತದಿಂದ ದೂರವಿದ್ದರೆ ಅದು ಸ್ಥಾನದ ದೋಷ. ಅದನ್ನು ಸೈಟಿನ ತಿರುಪು ಸರಿಪಡಿಸಬಲ್ಲದು. ಕೇಂದ್ರ ಸರಿಯಾಗಿದ್ದು ರಂಧ್ರಗಳು ಸುತ್ತಲೂ ಚೆಲ್ಲಿಕೊಂಡಿದ್ದರೆ ಅದು ಹರವಿನ ದೋಷ. ಯಾವ ತಿರುಪಿನಿಂದಲೂ ಅದು ಸರಿಹೋಗದು. ಇವೆರಡನ್ನು ಬೇರೆಬೇರೆಯಾಗಿ ಕಾಣಲು ಸಾಕಷ್ಟು ಗುಂಡುಗಳು ಬೇಕು. ಹತ್ತು ಗುಂಡುಗಳ ಸರಾಸರಿ ಕೇಂದ್ರದಲ್ಲಿ ಉಳಿಯುವ ಅನಿಶ್ಚಿತತೆಯು ಒಂದು ಗುಂಡಿನ ಸಹಜ ಚದುರುವಿಕೆಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಅದೇ ಶಾಸ್ತ್ರದ ಇನ್ನೊಂದು ಲೆಕ್ಕ ಸ್ಕ್ರೂಡ್ರೈವರ್ ಪ್ರಿಯರಿಗೆ ಇನ್ನೂ ಅಗತ್ಯವಾದುದು. ಪ್ರತಿ ಗುಂಡಿನ ತಪ್ಪನ್ನೂ ನೋಡಿ ಅಷ್ಟೇ ಪ್ರಮಾಣದಲ್ಲಿ ಸೈಟನ್ನು ಎದುರು ದಿಕ್ಕಿಗೆ ಸರಿಸುತ್ತ ಹೋದರೆ ಗುಂಪು ಕಿರಿದಾಗುವುದಿಲ್ಲ, ಬದಲಾಗಿ ಅದರ ಹರವು ಸುಮಾರು ಶೇ 40ರಷ್ಟು ಹಿಗ್ಗುತ್ತದೆ. ಏಕೆಂದರೆ ಹಿಂದಿನ ಗುಂಡಿನ ಆಕಸ್ಮಿಕ ತಪ್ಪು ಮುಂದಿನ ಗುಂಡಿನ ಆಕಸ್ಮಿಕ ತಪ್ಪಿಗೆ ಕೂಡಿಕೊಳ್ಳುತ್ತದೆ. ಸೈಟನ್ನು ಮುಟ್ಟದೆ ಸುಮ್ಮನಿದ್ದವನೇ ಇಲ್ಲಿ ಜಾಣ.

ಹರವಿನ ದೋಷ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ರೇಖಾಗಣಿತ ಬೇಕು. 10 ಮೀಟರ್ ಏರ್ ಪಿಸ್ತೂಲು ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಏಳರಿಂದ ಹತ್ತರವರೆಗಿನ ಕಪ್ಪು ಭಾಗದ ವ್ಯಾಸ 59.5 ಮಿಲಿಮೀಟರ್. ಪೆಲೆಟ್ಟಿನ ಅಂಚು ವೃತ್ತದ ಗೆರೆಯನ್ನು ಸೋಕಿದರೂ ಹತ್ತು ಅಂಕ ದೊರೆಯುವುದರಿಂದ ಅದರ ನಡುಬಿಂದು ಕೇಂದ್ರದಿಂದ 8 ಮಿಲಿಮೀಟರಿನೊಳಗೆ ಇದ್ದರೆ ಸಾಕು. ಪಿಸ್ತೂಲಿನ ಮೇಲೆ ಎರಡು ಸೈಟುಗಳಿರುತ್ತವೆ: ಕಣ್ಣಿನ ಕಡೆಗಿರುವ, ಚೌಕಾಕಾರದ ಕಚ್ಚುಳ್ಳ ಹಿಂಬದಿ ಸೈಟು, ನಳಿಕೆಯ ತುದಿಯಲ್ಲಿ ಕಂಬದಂತೆ ನಿಂತಿರುವ ಮುಂಬದಿ ಸೈಟು. ಕಂಬವು ಕಚ್ಚಿನ ನಟ್ಟನಡುವೆ, ಎರಡೂ ಪಕ್ಕದಲ್ಲಿ ಸಮಾನ ಬೆಳಕು ಬಿಟ್ಟು, ಮೇಲಂಚು ಸಮವಾಗಿ ಕಾಣುವಂತೆ ಹಿಡಿಯುವುದು ಸೈಟು ಹೊಂದಾಣಿಕೆ. ಇವೆರಡರ ನಡುವಿನ ದೂರ 32 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕಂಬವು ಕಚ್ಚಿನ ನಡುವಿನಿಂದ ಕೇವಲ 1 ಮಿಲಿಮೀಟರ್ ಪಕ್ಕಕ್ಕೆ ಸರಿದಾಗ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 31 ಮಿಲಿಮೀಟರ್ ಆಚೆ ಬೀಳುತ್ತದೆ. ಅಂದರೆ ಹತ್ತು ಅಂಕ ಆರಕ್ಕೋ ಏಳಕ್ಕೋ ಇಳಿಯುತ್ತದೆ. ಹತ್ತರಲ್ಲೇ ಉಳಿಯಬೇಕಾದರೆ ಈ ತಪ್ಪು ಕಾಲು ಮಿಲಿಮೀಟರನ್ನು ಮೀರುವಂತಿಲ್ಲ.

ಇನ್ನೊಂದು ಬಗೆಯ ತಪ್ಪಿನ ಗುಣವೇ ಬೇರೆ. ಸೈಟುಗಳೆರಡೂ ಪರಸ್ಪರ ಸರಿಯಾಗಿ ಹೊಂದಿಕೊಂಡಿದ್ದು, ತೋಳು ಮಾತ್ರ ಇಡಿಯಾಗಿ 5 ಮಿಲಿಮೀಟರ್ ಬಲಕ್ಕೆ ತೇಲಿದರೆ ಪೆಲೆಟ್ ಬಲಕ್ಕೆ ಬೀಳುವುದು ಅಷ್ಟೇ 5 ಮಿಲಿಮೀಟರ್. ಹತ್ತು ಅಂಕ ಕೈತಪ್ಪುವುದಿಲ್ಲ. ಮನುಷ್ಯನ ತೋಳು ಯಾವಾಗಲೂ ಸ್ವಲ್ಪ ಅಲುಗುತ್ತಲೇ ಇರುತ್ತದೆ, ಒಲಿಂಪಿಕ್ ವಿಜೇತನದೂ ಸೇರಿ. ಹೊಸಬನ ಕಣ್ಣಿಗೆ ಎದ್ದು ಕಾಣುವುದು ಈ ಅಲುಗಾಟ, ಆದರೆ ಅಂಕಗಳನ್ನು ತಿನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಸೈಟಿನ ಓರೆ. ಅಲುಗಾಟಕ್ಕೆ ಹೆದರಿ ಕೈಯನ್ನು ಬಿಗಿಹಿಡಿಯುವವನು ಕಡಿಮೆ ಹಾನಿಯ ತಪ್ಪನ್ನು ತಡೆಯಲು ಹೋಗಿ ಹೆಚ್ಚು ಹಾನಿಯ ತಪ್ಪನ್ನು ಬರಮಾಡಿಕೊಳ್ಳುತ್ತಾನೆ.

ಇದೇ ಕಾರಣಕ್ಕೆ ಕಣ್ಣಿನ ನೋಟವನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಮುಖ್ಯವಾಗುತ್ತದೆ. ಹಿಂಬದಿ ಸೈಟು, ಮುಂಬದಿ ಸೈಟು, ಟಾರ್ಗೆಟ್ ಈ ಮೂರೂ ಬೇರೆಬೇರೆ ದೂರದಲ್ಲಿರುವುದರಿಂದ ಮೂರನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣುವುದು ಕಣ್ಣಿಗೆ ಸಾಧ್ಯವಿಲ್ಲ. ಸ್ಪಷ್ಟವಾಗಿರಬೇಕಾದದ್ದು ಮುಂಬದಿ ಸೈಟು. ಟಾರ್ಗೆಟ್ಟಿನ ಕಪ್ಪು ಮಸುಕಾದ ಉಂಡೆಯಂತೆ ಕಂಡರೆ ತೊಂದರೆಯಿಲ್ಲ. ಬಹುತೇಕ ಶೂಟರ್‌ಗಳು ಗುರಿಯಿಡುವುದೂ ಕಪ್ಪಿನ ಕೇಂದ್ರಕ್ಕಲ್ಲ, ಅದರ ಕೆಳಗಿನ ಬಿಳಿಯ ಪ್ರದೇಶಕ್ಕೆ. ಕಪ್ಪು ಕಂಬ ಬಿಳಿಯ ಹಿನ್ನೆಲೆಯಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ಇದರ ಉದ್ದೇಶ, ಪೆಲೆಟ್ ಅಷ್ಟು ಮೇಲಕ್ಕೆ ಬೀಳುವಂತೆ ಸೈಟನ್ನು ಮೊದಲೇ ಹೊಂದಿಸಿರುತ್ತಾರೆ. ಸ್ಪರ್ಧೆಯ ನಡುವೆ ಗುಂಪು ಸ್ಪಷ್ಟ ಕಾರಣವಿಲ್ಲದೆ ಸಡಿಲವಾಗತೊಡಗಿದರೆ ನೋಟ ಮೆಲ್ಲನೆ ಟಾರ್ಗೆಟ್ಟಿನತ್ತ ಜಾರಿದೆಯೇ ಎಂದು ಮೊದಲು ಶಂಕಿಸಬೇಕು. ನಲವತ್ತು ದಾಟಿದವರಲ್ಲಿ ಹತ್ತಿರದ ನೋಟ ಕುಂದುವುದರಿಂದ ಮುಂಬದಿ ಸೈಟೇ ಮಸುಕಾಗಬಹುದು. ದೂರದ ನೋಟದ ಕನ್ನಡಕದ ಅಂಕಿಗೆ ಅರ್ಧ ಅಥವಾ ಮುಕ್ಕಾಲು ಡಯಾಪ್ಟರ್ ಕೂಡಿಸಿದ ಮಸೂರವನ್ನು ಶೂಟಿಂಗಿಗೆಂದೇ ಮಾಡಿಸಿಕೊಳ್ಳುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ.

ಟ್ರಿಗರ್ ಎಂದರೆ ತೋರುಬೆರಳಿನಿಂದ ಹಿಂದಕ್ಕೆ ಒತ್ತುವ ಸನ್ನೆ. ಸ್ಪರ್ಧೆಯ ಏರ್ ಪಿಸ್ತೂಲಿನಲ್ಲಿ ಅದನ್ನು ಬಿಡುಗಡೆಗೊಳಿಸಲು ಕನಿಷ್ಠ 500 ಗ್ರಾಂ ಭಾರ ಬೇಕೆಂದು ನಿಯಮವಿದೆ. ಫ್ರೀ ಪಿಸ್ತೂಲಿಗೆ ಅಂಥ ಕನಿಷ್ಠ ಮಿತಿಯಿಲ್ಲ. ಸಾಮಾನ್ಯವಾಗಿ ಟ್ರಿಗರ್ ಎರಡು ಹಂತಗಳಲ್ಲಿ ಚಲಿಸುತ್ತದೆ: ಮೊದಲ ಹಂತದಲ್ಲಿ ಸಲೀಸಾಗಿ ಸರಿದು ಒಂದೆಡೆ ತಡೆ ಸಿಗುತ್ತದೆ, ಆ ತಡೆಯ ಮೇಲೆ ಒತ್ತಡ ಬೆಳೆಸುತ್ತ ಹೋದಾಗ ಎರಡನೆಯ ಹಂತದಲ್ಲಿ ಗುಂಡು ಹಾರುತ್ತದೆ. ಗುರಿ ಕ್ರೀಡೆಯ ಬಹುಪಾಲು ರೋಗಗಳ ಮೂಲ ಈ ಎರಡನೆಯ ಹಂತದಲ್ಲಿದೆ. ಕಣ್ಣಿಗೆ ಕಂಡದ್ದನ್ನು ಮೆದುಳು ಗ್ರಹಿಸಿ ಬೆರಳಿಗೆ ಆಜ್ಞೆ ತಲುಪಿಸಲು ಸೆಕೆಂಡಿನ ಸುಮಾರು ಐದನೇ ಒಂದು ಭಾಗ ಹಿಡಿಯುತ್ತದೆ. ಸೈಟು ಸರಿಯಾಗಿ ಕಂಡ ಕ್ಷಣವೇ ಹಾರಿಸಿಬಿಡೋಣ ಎಂದು ಹೊರಟವನ ಗುಂಡು ಆ ಕ್ಷಣ ಕಳೆದ ಮೇಲೆ ಹಾರುತ್ತದೆ, ಅವಸರದ ಆಜ್ಞೆ ಬೆರಳಿಗಷ್ಟೇ ಸೀಮಿತವಾಗದೆ ಅಂಗೈ, ಮಣಿಕಟ್ಟುಗಳನ್ನೂ ಜೊತೆಗೆಳೆದುಕೊಳ್ಳುತ್ತದೆ. ಇದರ ಬದಲು, ತೋಳಿನ ಸಹಜ ಅಲುಗಾಟವನ್ನು ಒಪ್ಪಿಕೊಂಡು, ಸೈಟು ಹೊಂದಾಣಿಕೆಯನ್ನಷ್ಟೇ ಕಾಯ್ದುಕೊಂಡು, ಬೆರಳಿನ ಒತ್ತಡವನ್ನು ಒಂದೇ ಸಮನೆ ಏರಿಸುತ್ತ ಹೋಗುವುದು ಉತ್ತಮ ಶೂಟರ್‌ಗಳ ಕ್ರಮ. ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡು ಸೈಟನ್ನು ನೋಡುತ್ತ ತೋಳನ್ನು ಹಾಗೆಯೇ ಹಿಡಿದಿರಬೇಕೆಂಬ ನಿಯಮಕ್ಕೂ ಅರ್ಥವಿದೆ. ಪೆಲೆಟ್ ನಳಿಕೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತಾದರೂ, ಹಾರಿದ ಕೂಡಲೇ ಕೈ ಇಳಿಸುವ ಅಭ್ಯಾಸವಾದವನ ಕೈ ಕ್ರಮೇಣ ಹಾರುವ ಮೊದಲೇ ಇಳಿಯಲು ಆರಂಭಿಸುತ್ತದೆ.

ಈ ಕ್ರೀಡೆಯಲ್ಲಿ ದೋಷ ಪತ್ತೆಗೆ ಇರುವ ಅತ್ಯುತ್ತಮ ಸಾಧನಕ್ಕೆ ಹಣ ಖರ್ಚಾಗುವುದಿಲ್ಲ. ಗುಂಡು ಹಾರಿದ ಗಳಿಗೆಯಲ್ಲಿ ಸೈಟು ಎಲ್ಲಿತ್ತು ಎಂಬುದನ್ನು ನೆನಪಿನಲ್ಲಿ ಹಿಡಿದು, ಪರದೆಯನ್ನಾಗಲಿ ಕಾರ್ಡನ್ನಾಗಲಿ ನೋಡುವ ಮೊದಲೇ, ‘ಒಂಬತ್ತು, ಬಲಕ್ಕೆ, ಸ್ವಲ್ಪ ಮೇಲೆ’ ಎಂಬಂತೆ ಗುಂಡು ಬಿದ್ದ ಜಾಗವನ್ನು ಹೇಳಿಬಿಡುವುದು ಆ ಸಾಧನ; ಶೂಟರ್‌ಗಳು ಇದನ್ನು ‘ಕಾಲ್’ ಮಾಡುವುದು ಎನ್ನುತ್ತಾರೆ. ಬಳಿಕ ನಿಜವಾದ ರಂಧ್ರದೊಡನೆ ಅದನ್ನು ಹೋಲಿಸಬೇಕು. ಕಾಲ್ ಮತ್ತು ರಂಧ್ರ ಒಂದೇ ಕಡೆ ಇದ್ದರೆ ಪಿಸ್ತೂಲು ನಿರಪರಾಧಿ. ತಪ್ಪು ಹಿಡಿತದಲ್ಲಿದೆ, ಅದು ಶೂಟರ್‌ನ ಕಣ್ಣಿಗೆ ಬಿದ್ದೂ ಇದೆ. ಪ್ರತಿ ಸಲವೂ ರಂಧ್ರವು ಕಾಲ್‌ನಿಂದ ಒಂದೇ ದಿಕ್ಕಿಗೆ ಒಂದೇ ಅಂತರದಲ್ಲಿ ಬೀಳುತ್ತಿದ್ದರೆ ಸೈಟಿನ ಹೊಂದಿಕೆ ತಪ್ಪಿದೆ. ಕಾಲ್‌ಗೂ ರಂಧ್ರಕ್ಕೂ ಯಾವ ಸಂಬಂಧವೂ ಕಾಣದಿದ್ದರೆ ಎರಡು ಸಾಧ್ಯತೆಗಳು ಉಳಿಯುತ್ತವೆ: ಕೊನೆಯ ಗಳಿಗೆಯಲ್ಲಿ ಕಣ್ಣು ಸೈಟನ್ನು ನೋಡುತ್ತಿರಲಿಲ್ಲ, ಇಲ್ಲವೇ ಪಿಸ್ತೂಲಿನಲ್ಲೋ ಪೆಲೆಟ್ಟಿನಲ್ಲೋ ನಿಜವಾಗಿಯೂ ಏನೋ ಕೆಟ್ಟಿದೆ. ಗುರಿಯ ಜಾಡನ್ನು ಪರದೆಯ ಮೇಲೆ ಗೆರೆಯಾಗಿ ಬಿಡಿಸಿ ತೋರಿಸುವ ಸ್ಕಾಟ್‌ನಂಥ ಎಲೆಕ್ಟ್ರಾನಿಕ್ ಉಪಕರಣಗಳು ಇದೇ ಕೆಲಸವನ್ನು ಹೆಚ್ಚು ಸೂಕ್ಷ್ಮವಾಗಿ ಮಾಡುತ್ತವೆ, ಆದರೆ ಅವು ಕಾಲ್ ಮಾಡುವ ಅಭ್ಯಾಸವಿಲ್ಲದವನಿಗೆ ಅದನ್ನು ಕಲಿಸಿಕೊಡುವುದಿಲ್ಲ.

ಶೂಟಿಂಗ್ ಕ್ಲಬ್ಬುಗಳ ಗೋಡೆಗಳ ಮೇಲೆ ಕಾಣುವ ಒಂದು ವೃತ್ತಾಕಾರದ ಪಟವು ಬಲಗೈ ಶೂಟರ್‌ನ ಗುಂಡು ಎಡಕ್ಕೂ ಕೆಳಕ್ಕೂ ಬಿದ್ದರೆ ಟ್ರಿಗರನ್ನು ಜಗ್ಗಿದ್ದು ಅಥವಾ ಬೆರಳುಗಳೆಲ್ಲವನ್ನೂ ಬಿಗಿದದ್ದು, ನೇರ ಕೆಳಕ್ಕೆ ಬಿದ್ದರೆ ಮಣಿಕಟ್ಟು ಕುಸಿದದ್ದು, ಮೇಲಕ್ಕೆ ಬಿದ್ದರೆ ಅಂಗೈಯ ಬುಡದಿಂದ ನೂಕಿದ್ದು, ಬಲಕ್ಕೆ ಬಿದ್ದರೆ ಹೆಬ್ಬೆರಳು ಒತ್ತಿದ್ದು ಎಂದು ಕಾರಣಗಳನ್ನು ಪಟ್ಟಿಮಾಡುತ್ತದೆ. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿಯುವ ಗುರಿ ಕ್ರೀಡೆಗೆಂದು ರೂಪಿಸಿದ ಈ ಪಟದಲ್ಲಿ ಹುರುಳಿದೆ. ಎಡ-ಕೆಳಗಿನ ದೋಷವಂತೂ ಎಲ್ಲೆಡೆ ಕಾಣುವಂಥದು. ಆದರೆ ಜ್ವರವೊಂದನ್ನೇ ನೋಡಿ ಔಷಧ ಕೊಡುವ ವೈದ್ಯನ ಹಾಗೆ ಅದನ್ನು ಬಳಸುವವರೇ ಹೆಚ್ಚು. ಒಂದೇ ಜಾಗಕ್ಕೆ ಬೀಳುವ ಗುಂಡಿಗೆ ಹಲವು ಕಾರಣಗಳಿರಬಹುದು. ಸೈಟು ತಪ್ಪಾಗಿ ಹೊಂದಿದ್ದರೂ ಗುಂಡು ಎಡಕ್ಕೂ ಕೆಳಕ್ಕೂ ಬೀಳುತ್ತದೆ, ಪಿಸ್ತೂಲನ್ನು ಎಡಕ್ಕೆ ವಾಲಿಸಿ ಹಿಡಿದರೂ ಅದೇ ಕಡೆಗೆ ಹೋಗುತ್ತದೆ. ಕಪ್ಪಿನ ಕೆಳಗೆ ಗುರಿಯಿಡುವ ರೂಢಿಯಲ್ಲಿ 5 ಡಿಗ್ರಿಯಷ್ಟು ವಾಲಿಕೆಯೇ 10 ಮೀಟರಿನಲ್ಲಿ ಸುಮಾರು 5 ಮಿಲಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಹಾಗಾಗಿ ಪಟವು ಶಂಕೆಗೆ ಆಧಾರವಾಗಬಹುದೇ ಹೊರತು ತೀರ್ಪಿಗೆ ಅಲ್ಲ.

ರಂಧ್ರಗಳ ದಿಕ್ಕಿಗಿಂತ ಗುಂಪಿನ ಆಕಾರ ಹೆಚ್ಚು ನಂಬತಕ್ಕ ಸುಳಿವು. ಗುಂಪು ಅಡ್ಡಡ್ಡ ಉದ್ದವಾಗಿದ್ದರೆ ನಿಲುವನ್ನು ಪರೀಕ್ಷಿಸಬೇಕು. ಕಣ್ಣು ಮುಚ್ಚಿ ತೋಳೆತ್ತಿ, ಎರಡು ಉಸಿರಿನ ಬಳಿಕ ಕಣ್ಣು ತೆರೆದಾಗ ಪಿಸ್ತೂಲು ತಾನಾಗಿ ಟಾರ್ಗೆಟ್ಟಿನತ್ತ ಮುಖ ಮಾಡಿರಬೇಕು. ಪಕ್ಕಕ್ಕೆ ಸರಿದಿದ್ದರೆ ತೋಳನ್ನು ಎಳೆಯದೆ ಹಿಂದಿನ ಪಾದವನ್ನು ಸರಿಸಿ ಇಡೀ ದೇಹವನ್ನು ತಿರುಗಿಸಬೇಕು. 50 ಮೀಟರಿನ ಬಯಲು ರೇಂಜುಗಳಲ್ಲಿ ಅಡ್ಡಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಗುಂಪು ಲಂಬವಾಗಿ ಉದ್ದವಾಗಿದ್ದರೆ ಉಸಿರಾಟ, ಮಣಿಕಟ್ಟಿನ ಸಡಿಲಿಕೆ, ಕಪ್ಪಿಗೂ ಸೈಟಿಗೂ ನಡುವೆ ಬಿಡುವ ಬಿಳಿಯ ಅಂತರದ ಏರುಪೇರು ಇವು ಸಾಮಾನ್ಯ ಕಾರಣಗಳು. ಗುಂಪು ಎರಡು ತುಂಡಾಗಿ ಮೂಡಿದ್ದರೆ ಹಿಡಿಯನ್ನು ಪ್ರತಿ ಸಲ ಒಂದೇ ರೀತಿ ಹಿಡಿಯುತ್ತಿಲ್ಲವೆಂದು ತಿಳಿಯಬಹುದು. ಒಂದು ಗುಂಡು ತುಂಬಲು ಪ್ರತಿ ಬಾರಿ ಕೈ ಇಳಿಸಬೇಕಾದ ಒಂಟಿಗುಂಡಿನ ಪಿಸ್ತೂಲಿನಲ್ಲಿ ಈ ದೋಷಕ್ಕೆ ಅವಕಾಶ ಹೆಚ್ಚು. ಅಂಗೈಗೆ ಹೊಂದದ ಮರದ ಹಿಡಿಯನ್ನು ಅರದಿಂದ ತಿಕ್ಕಿ, ಕಡಿಮೆ ಬಿದ್ದಲ್ಲಿ ಮರದ ಪುಟ್ಟಿ ತುಂಬಿ ಸರಿಪಡಿಸುವುದು ಶೂಟರ್‌ಗಳಲ್ಲಿ ಹಳೆಯ ಪದ್ಧತಿ.

ಇಷ್ಟೆಲ್ಲ ನೋಡಿದ ಮೇಲೂ ಕಾಲ್ ಮತ್ತು ರಂಧ್ರ ಹೊಂದದಿದ್ದರೆ ಯಂತ್ರದ ಸರದಿ ಬರುತ್ತದೆ. ಮೊದಲು ಖಾಲಿ ಪಿಸ್ತೂಲಿನ ತಿರುಪುಗಳನ್ನು ಪರೀಕ್ಷಿಸಬೇಕು. ಸಡಿಲವಾದ ಹಿಂಬದಿ ಸೈಟು ಅಥವಾ ಹಿಡಿಯ ತಿರುಪು ಎಷ್ಟೋ ಸಲ ದಿನಗಟ್ಟಲೆ ಕಾಡಿದ ಒಗಟಿನ ಉತ್ತರವಾಗಿರುತ್ತದೆ. ಅನಂತರ ಪಿಸ್ತೂಲನ್ನು ಗಟ್ಟಿಯಾದ ಮೇಜಿಗೆ ಬಿಗಿದ ವೈಸ್‌ನಲ್ಲಿ ಮೆತ್ತನೆಯ ಹೊದಿಕೆಯೊಡನೆ ಹಿಡಿಸಿ, ಒಂದೇ ಡಬ್ಬಿಯ ಪೆಲೆಟ್‌ಗಳಿಂದ ಹತ್ತು ಸಲ ಹಾರಿಸಬೇಕು. ಒಳ್ಳೆಯ ತಯಾರಕರು ಹೊಸ ಪಿಸ್ತೂಲಿನ ಜೊತೆಗೆ ಇಂಥ ಪರೀಕ್ಷೆಯ ಕಾರ್ಡನ್ನು ಕೊಡುತ್ತಾರೆ. ಅದರಲ್ಲಿ ಐದು ಗುಂಡುಗಳು ಹೆಚ್ಚುಕಡಿಮೆ ಒಂದೇ ರಂಧ್ರದಲ್ಲಿ ಹಾದುಹೋಗಿರುತ್ತವೆ. ಪೆಲೆಟ್‌ಗಳ ತಲೆಯ ಅಳತೆ 4.49, 4.50, 4.51 ಮಿಲಿಮೀಟರ್ ಎಂದು ಬೇರೆಬೇರೆಯಾಗಿ ಸಿಗುತ್ತದೆ, ಯಾವುದು ಯಾವ ನಳಿಕೆಗೆ ಒಗ್ಗುತ್ತದೆ ಎಂಬುದನ್ನು ಹಾರಿಸಿಯೇ ತಿಳಿಯಬೇಕು. ಸ್ಪರ್ಧೆಯ ಪೆಲೆಟ್‌ಗಳಿಗೆ ಚಪ್ಪಟೆ ತಲೆ ಇರುವುದು ಕಾಗದದಲ್ಲಿ ರಂಧ್ರ ಸ್ವಚ್ಛವಾಗಿ ಮೂಡಲೆಂದು. ಮೃದುವಾದ ಸೀಸದ ಅಂಚು ಡಬ್ಬಿಯಲ್ಲಿ ಕುಲುಕಾಡಿ ತಗ್ಗುವುದೂ ಉಂಟು.

ವೇಗದ ವ್ಯತ್ಯಾಸವನ್ನು ಹಲವರು ಅಗತ್ಯಕ್ಕಿಂತ ಹೆಚ್ಚಾಗಿ ದೂರುತ್ತಾರೆ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಕ್ರಮಿಸುವಷ್ಟರಲ್ಲಿ ಗುರುತ್ವದಿಂದ ಸುಮಾರು 22 ಮಿಲಿಮೀಟರ್ ಇಳಿಯುತ್ತದೆ. ವೇಗ ಶೇ 1ರಷ್ಟು ಏರುಪೇರಾದರೆ ಈ ಇಳಿತದಲ್ಲಿ ಆಗುವ ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಆದರೆ ಗಾಳಿಯ ಸಿಲಿಂಡರ್ ಬರಿದಾಗುತ್ತ ಬಂದು ವೇಗ 130 ಮೀಟರಿಗೆ ಕುಸಿದರೆ ಪೆಲೆಟ್ ಸುಮಾರು 7 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಗುಂಪು ಬಿಗಿಯಾಗಿಯೇ ಇದ್ದು, ಹೊತ್ತು ಕಳೆದಂತೆ ಇಡಿಯಾಗಿ ಕೆಳಗಿಳಿಯುತ್ತಿದ್ದರೆ ಕೈಯನ್ನು ಬೈಯುವ ಮೊದಲು ಸಿಲಿಂಡರಿನ ಒತ್ತಡದ ಮಾಪಕವನ್ನು ನೋಡುವುದು ಒಳಿತು. ಫ್ರೀ ಪಿಸ್ತೂಲಿನಲ್ಲಿ ಗಾಳಿಯ ಬದಲು ಮದ್ದಿನ ತೊಡಕುಗಳಿವೆ: ತೋಟಾಗಳ ತಯಾರಿಕೆಯ ಬ್ಯಾಚ್ ಬದಲಾದರೆ ಗುಂಪು ಬದಲಾಗಬಹುದು, ನಳಿಕೆಯನ್ನು ಪೂರ್ತಿ ಶುಚಿಗೊಳಿಸಿದ ಬಳಿಕ ಮೊದಲ ಕೆಲವು ಗುಂಡುಗಳು ದಾರಿ ತಪ್ಪಬಹುದು.

ಯಂತ್ರ ನಿಜವಾಗಿ ಕೈಕೊಡುವುದೇ ಇಲ್ಲವೆಂದಲ್ಲ. ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನಲ್ಲಿ, 2021ರ ಜುಲೈನಲ್ಲಿ, ಭಾರತದ ಮನು ಭಾಕರ್ ಅವರ ಪಿಸ್ತೂಲು ನಡುವೆ ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯ ಸಮಯ ಕಳೆದುಹೋಗಿ, ಉಳಿದ ಗುಂಡುಗಳನ್ನು ಅವಸರದಲ್ಲಿ ಹಾರಿಸಬೇಕಾಯಿತು. ಅವರು 575 ಅಂಕಗಳೊಡನೆ 12ನೆಯ ಸ್ಥಾನದಲ್ಲಿ ಉಳಿದು ಎರಡೇ ಅಂಕಗಳಿಂದ ಫೈನಲ್ ಕಳೆದುಕೊಂಡರು. ಅವರೇ 2024ರ ಪ್ಯಾರಿಸ್‌ನಲ್ಲಿ ಇದೇ ಸ್ಪರ್ಧೆಯ ಕಂಚು ಗೆದ್ದರು. ಗಮನಿಸಬೇಕಾದ ಸಂಗತಿಯೆಂದರೆ ಯಂತ್ರದ ದೋಷ ಬಂದಾಗ ಅದು ಹೀಗೆ ಎಲ್ಲರಿಗೂ ಕಾಣುವಂತೆ ಬರುವುದೇ ಹೆಚ್ಚು. ಎಂಟು-ಒಂಬತ್ತುಗಳ ನಡುವೆ ಅಂಕಗಳನ್ನು ಗುಟ್ಟಾಗಿ ಕದಿಯುವ ಕೆಲಸವನ್ನು ಯಂತ್ರ ಮಾಡುವುದು ಅಪರೂಪ.

ವೈಸ್‌ನಲ್ಲಿ ಹಿಡಿಸಿದ ಪಿಸ್ತೂಲು ಹತ್ತು ಪೆಲೆಟ್‌ಗಳನ್ನೂ ಹತ್ತರ ವೃತ್ತದೊಳಗೆ ಸಲೀಸಾಗಿ ಇಳಿಸಿದ ಮೇಲೆ ಅದರ ಮೇಲಿನ ಆರೋಪವನ್ನು ಕೈಬಿಡಬೇಕು, ಹೊಸ ಪಿಸ್ತೂಲಿನ ಬೆಲೆ ವಿಚಾರಿಸುವುದನ್ನೂ ನಿಲ್ಲಿಸಬೇಕು. ಆಮೇಲಿನ ಮದ್ದು ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ, ಟಾರ್ಗೆಟ್ಟೂ ಇಲ್ಲದೆ, ಬರಿಯ ಬಿಳಿ ಗೋಡೆಯ ಎದುರು ನಿಂತು ಸೈಟನ್ನಷ್ಟೇ ನೋಡುತ್ತ ಟ್ರಿಗರ್ ಒತ್ತುವ ಅಭ್ಯಾಸ. ಗೋಡೆಯ ಮೇಲೆ ಗುರಿಯೇ ಇಲ್ಲದಿರುವುದರಿಂದ ಅವಸರಕ್ಕೆ ಕಾರಣವಿರುವುದಿಲ್ಲ, ಟ್ರಿಗರ್ ಬಿಡುಗಡೆಯಾದಾಗ ಮುಂಬದಿ ಸೈಟು ಕದಲಿದರೆ ಅದು ಮರೆಯಾಗದೆ ಕಾಣುತ್ತದೆ. ಏರ್ ಪಿಸ್ತೂಲುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಇರುತ್ತದೆ, 0.22 ಪಿಸ್ತೂಲನ್ನು ಖಾಲಿ ಹಾರಿಸಿದರೆ ತೋಟಾವನ್ನು ಸಿಡಿಸುವ ಮುಳ್ಳು ನಳಿಕೆಯ ಅಂಚಿಗೆ ಬಡಿದು ಹಾನಿಯಾಗಬಹುದಾದ್ದರಿಂದ ಅದಕ್ಕೆ ತಕ್ಕ ನಕಲಿ ತೋಟಾ ಬಳಸಬೇಕು. ಅಭ್ಯಾಸಕ್ಕೆ ಮುನ್ನ ಪಿಸ್ತೂಲನ್ನು ತೆರೆದು ಖಾಲಿಯಿದೆಯೆಂದು ಕಣ್ಣಾರೆ ನೋಡುವುದು, ಪೆಲೆಟ್ಟಿನ ಡಬ್ಬಿಯನ್ನು ಬೇರೆ ಕೋಣೆಯಲ್ಲಿಡುವುದು ಕಡ್ಡಾಯ. ದಿನಕ್ಕೆ ಕಾಲು ಗಂಟೆಯಂತೆ ಹೀಗೆ ಕೆಲವು ವಾರ ನಡೆಸಿ, ಅನಂತರ ಸೈಟಿನ ತಿರುಪನ್ನು ಮುಟ್ಟದೆ ಹತ್ತು ಗುಂಡುಗಳ ಮೂರು ಕಾರ್ಡುಗಳನ್ನು ಹಾರಿಸಿ ಅವುಗಳ ಕೇಂದ್ರ ಎಲ್ಲಿದೆಯೆಂದು ಅಳೆದ ಮೇಲಷ್ಟೇ ಸ್ಕ್ರೂಡ್ರೈವರನ್ನು ಪೆಟ್ಟಿಗೆಯಿಂದ ಹೊರತೆಗೆಯಬಹುದು.